ಲಲಿತಮಹಲಿನ ವಾಸ್ತುವೂ ಆತಿಥ್ಯದ ಔಚಿತ್ಯವೂ

೧

ರಸಭಂಗದ ಮೂಲವನ್ನು ಆನಂದವರ್ಧನನು ಅನೌಚಿತ್ಯದಲ್ಲಿ ಕಂಡನು. ಹನ್ನೊಂದನೆಯ ಶತಮಾನದಲ್ಲಿ ಕ್ಷೇಮೇಂದ್ರನು ಅದೇ ತತ್ತ್ವವನ್ನು ಪದ, ವಾಕ್ಯ, ಗುಣ, ಅಲಂಕಾರ ಮೊದಲಾದ ಕಾವ್ಯಾಂಗಗಳಿಗೆಲ್ಲ ಅನ್ವಯಿಸಿ ಒಂದು ಸ್ವತಂತ್ರಗ್ರಂಥವನ್ನೇ ರಚಿಸಿದನು. ಕೊರಳಲ್ಲಿರಬೇಕಾದುದನ್ನು ಸೊಂಟಕ್ಕೆ ಕಟ್ಟಿಕೊಂಡರೆ ಆಭರಣವು ಎಷ್ಟು ಬೆಲೆಯದಾದರೂ ನಗೆಗೆ ಗುರಿಯಾಗುವದೆಂಬ ಈ ವಿಚಾರವು ಕಾವ್ಯಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ಮನುಷ್ಯನು ಪ್ರಯೋಜನವನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಮಿಸುವ ಎಲ್ಲ ವಸ್ತುಗಳಿಗೂ ಇದು ಸಲ್ಲುವದು. ಆದರೂ ನಮ್ಮಲ್ಲಿ ವಾಸ್ತುವಿಮರ್ಶೆಯು ಕಟ್ಟಡದ ಕಾಲ, ಕಟ್ಟಿಸಿದವರ ವಂಶ, ಉದ್ದ ಅಗಲಗಳ ಅಳತೆ ಇವುಗಳಿಂದ ಮುಂದಕ್ಕೆ ಹೋಗಿ ಔಚಿತ್ಯವನ್ನು ವಿಚಾರಿಸಿದ್ದು ಅಪೂರ್ವ.

ಕಾವ್ಯಕ್ಕೂ ಕಟ್ಟಡಕ್ಕೂ ಒಂದು ಮುಖ್ಯವಾದ ಭೇದವುಂಟು. ಕಾವ್ಯವು ಒಮ್ಮೆ ರಚಿತವಾಯಿತೆಂದರೆ ಅದರ ಶಬ್ದಗಳು ತಮ್ಮ ಸ್ಥಾನವನ್ನು ಬಿಡುವದಿಲ್ಲ. ಕಟ್ಟಡದ ಗತಿ ಹಾಗಲ್ಲ. ಯಜಮಾನನು ಸಾಯುವನು, ರಾಜ್ಯವು ಬದಲಾಗುವದು, ಯಾವ ಕಾರ್ಯಕ್ಕಾಗಿ ಗೋಡೆಯನ್ನೆಬ್ಬಿಸಿದರೋ ಆ ಕಾರ್ಯವೇ ಲೋಕದಿಂದ ಮಾಯವಾಗುವದು. ಗೋಡೆ ಮಾತ್ರ ನಿಂತಿರುವದು. ಆಗ ಅದನ್ನು ಮತ್ತೊಂದು ಕಾರ್ಯಕ್ಕೆ ತಿರುಗಿಸುವದು ಸಹಜ, ಎಷ್ಟೋ ಸಾರೆ ಅನಿವಾರ್ಯ. ಹೀಗೆ ತಿರುಗಿಸಿದಾಗ ಆ ವಾಸ್ತುವಿನ ಅರ್ಥವು ಉಳಿಯುವದೋ ಅಳಿಯುವದೋ, ಉಳಿದರೆ ಎಷ್ಟು, ಅಳಿದರೆ ಯಾವದರಿಂದ ಎಂಬದೇ ಪ್ರಕೃತ ಲೇಖನದ ವಿಷಯ.

ಇದಕ್ಕೆ ಮೈಸೂರಿನ ಲಲಿತಮಹಲನ್ನು ಮುಖ್ಯ ಉದಾಹರಣೆಯಾಗಿ ಆರಿಸಿಕೊಂಡಿದೆ. ೧೯೨೧ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟು ಕಟ್ಟಿಸಿದ ಈ ಸೌಧವು ೧೯೭೪ರಲ್ಲಿ ಹೋಟೆಲಾಯಿತು. ಭೀಮಾ ಕೃಷ್ಣೆಯರ ನಡುವಣ ನಾಡಿನವನು ಕಾವೇರಿಯ ಸೀಮೆಯ ಕಟ್ಟಡವನ್ನೇಕೆ ವಿಚಾರಿಸಬೇಕೆಂದು ಯಾರಾದರೂ ಕೇಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ದೇಸಾಯಿ, ದೇಶಪಾಂಡೆ, ನಾಡಗೌಡರ ವಾಡೆಗಳು ಇನ್ನೂ ಉಳಿದಿವೆ. ಕೆಲವು ಬಿದ್ದಿವೆ, ಕೆಲವು ಬೀಳುವದರಲ್ಲಿವೆ. ಇವುಗಳಿಗೆ ಹೊಸ ಉಪಯೋಗವನ್ನು ಕಲ್ಪಿಸುವ ಮಾತು ಇಂದಲ್ಲ ನಾಳೆ ಬಂದೇ ಬರುವದು. ಬಂದಾಗ ಮೊದಲು ನೆನಪಾಗುವ ಮಾದರಿಯು ಅರಮನೆಯನ್ನು ಹೋಟೆಲು ಮಾಡಿದ ಮಾದರಿಯೇ. ಆದುದರಿಂದ ಆ ಮಾದರಿಯ ಗುಣದೋಷಗಳನ್ನು ಮುಂಚಿತವಾಗಿ ತೂಗಿ ನೋಡುವದು ನಮ್ಮ ಹಿತಕ್ಕೇ ಆಗಿದೆ.

೨

ಮೊದಲು ಕಟ್ಟಡವನ್ನು ನೋಡೋಣ. ಲಲಿತಮಹಲು ಮೈಸೂರು ಪಟ್ಟಣದ ಪೂರ್ವಕ್ಕೆ, ಚಾಮುಂಡಿಬೆಟ್ಟದ ಸಮೀಪದಲ್ಲಿ, ಎತ್ತರವಾದ ನೆಲದ ಮೇಲೆ ನಿಂತಿದೆ. ಇದರ ರೂಪವನ್ನು ಕಲ್ಪಿಸಿದವನು ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ, ಕಟ್ಟಿದ ಗುತ್ತಿಗೆದಾರರು ಬಿ. ಮುನಿವೆಂಕಟಪ್ಪನವರು. ಶೈಲಿಯು ಪಾಶ್ಚಾತ್ಯ. ಎರಡು ಅಂತಸ್ತು, ಮುಂಭಾಗದುದ್ದಕ್ಕೂ ಜೋಡಿ ಜೋಡಿಯಾಗಿ ನಿಲ್ಲಿಸಿದ ಅಯೋನಿಕ ಕಂಬಗಳು, ನಡುವೆ ಮುಂದಕ್ಕೆ ಚಾಚಿಕೊಂಡ ಮುಖಮಂಟಪ, ಅದರ ಹಿಂದೆ ದುಂಡಾದ ಪ್ರವೇಶಶಾಲೆಯ ಮೇಲೆ ಎಲ್ಲಕ್ಕಿಂತ ಹಿರಿದಾದ ಗುಮ್ಮಟ. ಒಳಗೆ ಇಟಲಿಯ ಸಂಗಮರಮರಿಯ ಮೆಟ್ಟಿಲುಗಳು, ಔತಣದ ಶಾಲೆ, ಬಣ್ಣದ ಗಾಜಿನ ಗುಮ್ಮಟಗಳಿಂದ ಬೆಳಕನ್ನು ಸುರಿಸುವ ನರ್ತನಶಾಲೆ. ಹೊರಗಿನ ಮೈಯೆಲ್ಲ ಶುಭ್ರವಾದ ಬಿಳುಪು. ಸೌಧವೆಂಬ ಶಬ್ದವು ಸುಧಾ ಎಂಬದರಿಂದ ಹುಟ್ಟಿತು. ಸುಧೆಯೆಂದರೆ ಅಮೃತವೂ ಹೌದು, ಸುಣ್ಣವೂ ಹೌದು. ಈ ಕಟ್ಟಡವು ಶಬ್ದದ ವ್ಯುತ್ಪತ್ತಿಯನ್ನು ಕಣ್ಣಿಗೆ ತೋರಿಸುವಂತಿದೆ.

ಇಷ್ಟೆಲ್ಲ ಇದ್ದರೂ ಇದು ರಾಜನ ವಾಸಕ್ಕಾಗಿ ಕಟ್ಟಿದ ಮನೆಯಲ್ಲವೆಂಬ ಮಾತನ್ನು ಚೆನ್ನಾಗಿ ಲಕ್ಷ್ಯದಲ್ಲಿಡಬೇಕು. ಒಡೆಯರ ಅರಮನೆಯು ಪಟ್ಟಣದ ನಡುವೆ, ಹೆನ್ರಿ ಇರ್ವಿನ್ ಎಂಬವನ ಕಲ್ಪನೆಯಂತೆ ೧೯೧೨ರಲ್ಲಿಯೇ ಸಿದ್ಧವಾಗಿತ್ತು. ಲಲಿತಮಹಲನ್ನು ಕಟ್ಟಿದ್ದು ಮೈಸೂರಿಗೆ ಬರುವ ವೈಸರಾಯನ ವಸತಿಗೆಂದು. ಅಂದರೆ ಇದು ಹುಟ್ಟಿನಿಂದಲೇ ಅತಿಥಿಗೃಹ. ಇದರ ವಾಸ್ತುವನ್ನು ವಿಮರ್ಶಿಸುವವರು ಇದೊಂದು ವಿಷಯವನ್ನು ಮರೆತರೆ ಉಳಿದುದೆಲ್ಲ ಅಪಾರ್ಥವಾಗುವದು.

ಈ ದೃಷ್ಟಿಯಿಂದ ಗುಮ್ಮಟವನ್ನು ಪರೀಕ್ಷಿಸೋಣ. ಇದು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟವನ್ನು ಹೋಲುತ್ತದೆಂದು ಎಲ್ಲರೂ ಹೇಳುವರು. ಅಷ್ಟಕ್ಕೇ ನಿಂತರೆ ವಿಮರ್ಶೆಯಾಗಲಿಲ್ಲ, ಅನುಕರಣವೆಂದು ಹೆಸರಿಟ್ಟಂತಾಯಿತು. ಕ್ರಿಸ್ಟೋಫರ್ ರೆನ್ ಕಟ್ಟಿದ ಆ ದೇವಾಲಯದಲ್ಲಿ ಗುಮ್ಮಟವು ಶಿಲುಬೆಯಾಕಾರದ ತಲವಿನ್ಯಾಸದ ಎರಡು ತೋಳುಗಳು ಕೂಡುವ ಸ್ಥಳದ ಮೇಲೆ, ಎಂದರೆ ಉಪಾಸನೆಯ ನಡುವಿನಲ್ಲಿ ನಿಂತಿದೆ. ನಮ್ಮ ವಿಜಾಪುರದ ಗೋಲಗುಮ್ಮಟದಲ್ಲಿ ಸುಮಾರು ೧೨೪ ಅಡಿ ಒಳವ್ಯಾಸವುಳ್ಳ ಆ ಮಹಾಗೋಲದ ಕೆಳಗೆ ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋರಿಯಿದೆ. ಒಂದರ ಕೆಳಗೆ ದೇವರ ಸನ್ನಿಧಿ, ಇನ್ನೊಂದರ ಕೆಳಗೆ ಮೃತ್ಯುವಿನ ಸನ್ನಿಧಿ. ಲಲಿತಮಹಲಿನ ಗುಮ್ಮಟದ ಕೆಳಗೆ ಇರುವದು ಬಂದವನನ್ನು ಎದುರುಗೊಳ್ಳುವ ಶಾಲೆ ಮಾತ್ರ. ದೊಡ್ಡ ಸಂಕೇತವನ್ನು ಸಣ್ಣ ಕಾರ್ಯಕ್ಕೆ ಬಳಸಿದ್ದಾನೆಂದು ಇದನ್ನು ದೋಷವಾಗಿ ಎಣಿಸಬಹುದು, ನಿಜಕ್ಕೂ ಎಣಿಸಿದವರುಂಟು.

ನಮ್ಮ ವಾಸ್ತುಶಾಸ್ತ್ರವನ್ನು ತಿಳಿದವನಿಗೆ ಇದು ದೋಷವಾಗಿ ತೋರದು. ಮಯಮತ, ಮಾನಸಾರಗಳು ಬಾಗಿಲ ಮೇಲಣ ಕಟ್ಟಡಗಳಿಗೆ ದ್ವಾರಶೋಭಾ, ದ್ವಾರಶಾಲಾ, ದ್ವಾರಪ್ರಾಸಾದ, ದ್ವಾರಹರ್ಮ್ಯ, ಮಹಾಗೋಪುರವೆಂದು ಐದು ಹೆಸರುಗಳನ್ನಿಟ್ಟು, ಒಳಗಿನ ಪ್ರಾಕಾರದಿಂದ ಹೊರಗಿನದಕ್ಕೆ ಹೋದಂತೆ ಅವುಗಳನ್ನು ಹಿರಿದಾಗಿಸುತ್ತ ಹೋಗುವವು. ತೆಂಕಣ ದೇವಾಲಯಗಳಲ್ಲಿ ಗರ್ಭಗೃಹದ ವಿಮಾನಕ್ಕಿಂತ ಹೊರಬಾಗಿಲ ಗೋಪುರವು ಎಷ್ಟೋ ಎತ್ತರವಾಗಿರುವದನ್ನು ನಾವು ನೋಡಿದ್ದೇವೆ. ಪ್ರವೇಶವೇ ಒಂದು ಮಹತ್ಕಾರ್ಯವೆಂಬ ಭಾವನೆಯು ಅಲ್ಲಿ ಕಲ್ಲಾಗಿದೆ. ಫ್ರಿಚ್ಲಿಗೆ ಈ ಶಾಸ್ತ್ರಗಳ ಪರಿಚಯವಿತ್ತೆಂದು ನಾನು ಹೇಳುವದಿಲ್ಲ. ಆದರೆ ಅವನು ಗುಮ್ಮಟವನ್ನು ಎರವಲು ತಂದು ಬಾಗಿಲ ಮೇಲಿಟ್ಟಾಗ, ತಿಳಿದೋ ತಿಳಿಯದೆಯೋ ಅದನ್ನು ಗೋಪುರವನ್ನಾಗಿ ಮಾಡಿದನು. ಅತಿಥಿಗೃಹದಲ್ಲಿ ಅತ್ಯಂತ ಮುಖ್ಯವಾದ ಕ್ಷಣವು ಅತಿಥಿಯು ಹೊಸ್ತಿಲನ್ನು ದಾಟುವ ಕ್ಷಣ. ಆ ಕ್ಷಣದ ಮೇಲೆ ಕಟ್ಟಡದ ಅತ್ಯುಚ್ಚ ಶೃಂಗವನ್ನಿಟ್ಟದ್ದು ಉಚಿತವೇ ಸರಿ.

ಹೆಸರನ್ನು ಕುರಿತೂ ಎರಡು ಮಾತು. ನಾಟ್ಯಶಾಸ್ತ್ರವು ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುವದು. ಅವರಲ್ಲಿ ಧೀರೋದಾತ್ತನು ಗಂಭೀರನು, ಧೀರಲಲಿತನು ನಿಶ್ಚಿಂತನೂ ಕಲಾಪ್ರಿಯನೂ ಆದವನು. ಈ ಕಟ್ಟಡದ ಹೊರಮೈಯನ್ನು ನೋಡಿದವರು ಇದಕ್ಕೆ ಉದಾತ್ತವೆಂಬ ಹೆಸರು ಹೊಂದುತ್ತಿತ್ತು, ಲಲಿತವೆಂಬದು ಹೊಂದದು ಎನ್ನಬಹುದು. ಸಮಪ್ರಮಾಣವಾದ ಆ ಕಂಬಗಳ ಸಾಲಿನಲ್ಲಿ ಲಾಲಿತ್ಯಕ್ಕಿಂತ ಶಿಸ್ತು ಹೆಚ್ಚು. ಆದರೆ ಒಳಗೆ ಹೋದಂತೆ ಭಾವವು ಬದಲಾಗುವದು. ಮೆಟ್ಟಿಲು ಬಾಗುವದು, ಬೆಳಕು ಬಣ್ಣವನ್ನು ತಾಳುವದು, ನರ್ತನಶಾಲೆಯಲ್ಲಿ ಗೋಡೆಗಳು ಭಾರವನ್ನು ಮರೆಯುವವು. ಹೊರಗೆ ಉದಾತ್ತ, ಒಳಗೆ ಲಲಿತ. ಹೊರಗಿನವನಿಗೆ ರಾಜ್ಯದ ಮರ್ಯಾದೆಯನ್ನು ತೋರಿಸಿ, ಒಳಗೆ ಬಂದವನಿಗೆ ಸ್ನೇಹವನ್ನು ತೋರಿಸುವದು ಒಳ್ಳೆಯ ಯಜಮಾನನ ಲಕ್ಷಣ. ಈ ಕ್ರಮವೇ, ಎಂದರೆ ಹೊರಗಿನಿಂದ ಒಳಗೆ ಬರುವವನನ್ನು ಹಂತಹಂತವಾಗಿ ಸ್ವೀಕರಿಸುವ ರೀತಿಯೇ, ಈ ವಾಸ್ತುವಿನ ನಿಜವಾದ ಅರ್ಥವೆಂದು ನಾನು ಭಾವಿಸುವೆನು.

೩

ಈಗ ಪರಿವರ್ತನೆಯ ಮಾತಿಗೆ ಬರೋಣ. ೧೯೪೭ರಲ್ಲಿ ಭಾರತವು ಸ್ವತಂತ್ರವಾದಾಗ ವೈಸರಾಯನೆಂಬ ಪದವಿಯೇ ಅಳಿಯಿತು. ಲಲಿತಮಹಲು ಯಾರಿಗಾಗಿ ಬಾಗಿಲು ತೆರೆದಿತ್ತೋ ಆ ಅತಿಥಿಯು ಇನ್ನು ಬರುವಂತಿರಲಿಲ್ಲ. ನಾಯಕನಿಲ್ಲದ ನಾಟಕದಂತೆ ಅತಿಥಿಯಿಲ್ಲದ ಅತಿಥಿಗೃಹವು ನಿಂತಿತು. ಮೈಸೂರಿನ ಬೇರೆ ಮಹಲುಗಳು ಬೇರೆ ಬೇರೆ ದಾರಿಯನ್ನು ಹಿಡಿದವು. ಚೆಲುವಾಂಬಾ ಮಹಲಿನಲ್ಲಿ ೧೯೫೦ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವು ನೆಲೆಗೊಂಡಿತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸವು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೆ ಆಶ್ರಯವಾಯಿತು. ಇವು ಸತ್ಕಾರ್ಯಗಳೇ, ಆದರೆ ಇವುಗಳಲ್ಲಿ ಕಟ್ಟಡದ ಹುಟ್ಟಿನ ಪ್ರಯೋಜನಕ್ಕೂ ಇಂದಿನ ಪ್ರಯೋಜನಕ್ಕೂ ಆಂತರಿಕ ಸಂಬಂಧವಿಲ್ಲ. ಲಲಿತಮಹಲಿನಲ್ಲಿ ಅದು ಉಂಟು. ಉಳಿದುಕೊಳ್ಳಲು ಬಂದವನನ್ನು ಬರಮಾಡಿಕೊಳ್ಳುವದೇ ಅಂದಿನ ಕೆಲಸ, ಅದೇ ಇಂದಿನ ಕೆಲಸ.

ಈ ಸಂಬಂಧವು ಎಷ್ಟು ದುರ್ಲಭವೆಂಬದನ್ನು ತಿಳಿಯಬೇಕಾದರೆ ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ವಿಜಾಪುರದ, ಎಂದರೆ ಇಂದಿನ ವಿಜಯಪುರದ, ಇತಿಹಾಸವನ್ನು ನೋಡಬೇಕು. ೧೮೮೫ರಲ್ಲಿ ಜಿಲ್ಲೆಯ ಆಡಳಿತಸ್ಥಾನವು ಕಲಾದಗಿಯಿಂದ ಇಲ್ಲಿಗೆ ಬಂದಿತು. ಬಂದ ಸರಕಾರಕ್ಕೆ ಕಚೇರಿ ಬೇಕು, ಅಧಿಕಾರಿಗಳಿಗೆ ಮನೆ ಬೇಕು, ಸೆರೆಮನೆ ಬೇಕು. ಊರಿನಲ್ಲಿ ಒಡೆಯರಿಲ್ಲದ ಆದಿಲಶಾಹೀ ಕಟ್ಟಡಗಳು ಬೇಕಾದಷ್ಟು ಇದ್ದವು. ಚೀನೀಮಹಲು ಕಚೇರಿಯಾಯಿತು. ಎರಡನೆಯ ಇಬ್ರಾಹಿಮ ಆದಿಲಶಹನು ವಿನೋದಕ್ಕಾಗಿ ಕಟ್ಟಿಸಿದ ಆನಂದಮಹಲು ಇಂಗ್ಲಿಷ್ ಅಧಿಕಾರಿಗಳ ವಸತಿಯಾಯಿತು. ದಾರಿಹೋಕರು ತಂಗಲೆಂದು ಹದಿನೇಳನೆಯ ಶತಮಾನದಲ್ಲಿ ಮುಸ್ತಫಾಖಾನನು ಕಟ್ಟಿಸಿದ ಸರಾಯಿಯು ಸೆರೆಮನೆಯಾಯಿತು. ಗೋಲಗುಮ್ಮಟದ ಜಗತಿಯ ಮೇಲಿರುವ ಮಸೀದಿಯು ಪ್ರವಾಸಿಗಳ ಬಂಗಲೆಯಾಯಿತು.

ಕೊನೆಯ ಎರಡನ್ನು ಒಟ್ಟಿಗೆ ಇಟ್ಟು ನೋಡಬೇಕು. ಪ್ರಯಾಣಿಕನು ಮಲಗಬೇಕಾದ ಮನೆಯಲ್ಲಿ ಕೈದಿಯನ್ನು ಕೂಡಿಹಾಕಿದರು. ಪ್ರಾರ್ಥಿಸಬೇಕಾದ ಮನೆಯಲ್ಲಿ ಪ್ರಯಾಣಿಕನನ್ನು ಮಲಗಿಸಿದರು. ಕಲ್ಲಿಗೆ ಇದರಿಂದ ಹಾನಿಯಾಗಲಿಲ್ಲವೆಂದು ವಾದಿಸಬಹುದು. ಉಪಯೋಗದಲ್ಲಿದ್ದುದರಿಂದಲೇ ಕೆಲವು ಗೋಡೆಗಳು ಉಳಿದವೆಂದೂ ಹೇಳಬಹುದು. ಆದರೆ ಅರ್ಥಕ್ಕೆ ಹಾನಿಯಾಯಿತು. ಸರಾಯಿಯ ವಿಶಾಲವಾದ ಅಂಗಳ, ಅದರ ಸುತ್ತಲಿನ ಕೋಣೆಗಳ ಸಾಲು, ಒಂದೇ ಹೆಬ್ಬಾಗಿಲು ಇವು ಕಳ್ಳರಿಂದ ಪ್ರಯಾಣಿಕನನ್ನು ಕಾಪಾಡಲಿಕ್ಕೆ ಮಾಡಿದ ಏರ್ಪಾಡು. ಹೊರಗಿನವರು ಒಳಗೆ ಬರದಂತೆ ಮಾಡಿದ ಆ ಬಾಗಿಲೇ ಒಳಗಿನವರು ಹೊರಗೆ ಹೋಗದಂತೆ ಮಾಡುವ ಬಾಗಿಲಾಯಿತು. ಅವಯವಗಳು ಹಾಗೆಯೇ ಇದ್ದು ಅನ್ವಯ ಮಾತ್ರ ತಲೆಕೆಳಗಾಯಿತು. ವಾಸ್ತುವಿನಲ್ಲಿ ಅನೌಚಿತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಸಿಕ್ಕುವದು ಕಷ್ಟ.

ಮಸೀದಿಯಲ್ಲಿದ್ದ ಪ್ರವಾಸಿಬಂಗಲೆಯನ್ನು ಲಾರ್ಡ್ ಕರ್ಜನ್ ವೈಸರಾಯನಾಗಿದ್ದಾಗ ಅಲ್ಲಿಂದ ತೆರವು ಮಾಡಿಸಲಾಯಿತು. ೧೯೦೪ರ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಕಾಯಿದೆಯೂ ಅವನ ಕಾಲದ್ದೇ. ಪ್ರಯಾಣಿಕನಿಗೆ ಎಲ್ಲಿಯಾದರೂ ಇಂಬು ಕೊಡಬಹುದೆಂಬ ಸುಲಭಬುದ್ಧಿಯನ್ನು ಒಬ್ಬ ವೈಸರಾಯನು ತಡೆದನು. ಎರಡು ದಶಕಗಳೊಳಗೆ ಮೈಸೂರಿನಲ್ಲಿ ವೈಸರಾಯನಿಗೆಂದೇ ತಕ್ಕ ಇಂಬನ್ನು ಕಟ್ಟಲು ಆರಂಭಿಸಿದರು. ವಿಜಾಪುರದ ಉದಾಹರಣೆಗಳ ಪಕ್ಕದಲ್ಲಿಟ್ಟು ನೋಡಿದರೆ ಲಲಿತಮಹಲಿನ ಪರಿವರ್ತನೆಯು ಪ್ರಯೋಜನದ ದೃಷ್ಟಿಯಿಂದ ನಿರ್ದೋಷವೆಂದು ಒಪ್ಪಲೇಬೇಕು.

೪

ಆದರೆ ಇಲ್ಲಿ ಬಲವಾದ ಪೂರ್ವಪಕ್ಷವೊಂದು ಎದುರಾಗುವದು. ಆತಿಥ್ಯವೂ ಹೋಟೆಲೂ ಒಂದೇ ಹೇಗಾದೀತು? ಅತಿಥಿಯು ಕರೆಯದೆ ಬರುವವನು ಅಥವಾ ಪ್ರೀತಿಯಿಂದ ಕರೆಸಿಕೊಂಡವನು. ಹೋಟೆಲಿಗೆ ಬರುವವನು ಹಣ ತೆತ್ತು ಕೊಳ್ಳುವವನು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಅತಿಥಿಯಲ್ಲಿ ದೇವರನ್ನು ಕಾಣಲು ವಿಧಿಸಿತೇ ಹೊರತು ಗಿರಾಕಿಯಲ್ಲಿ ಅಲ್ಲ. ಬೆಲೆಯು ಬಂದ ಕೂಡಲೆ ಆತಿಥ್ಯವು ಹೋಯಿತು. ಆದುದರಿಂದ ಪ್ರಯೋಜನವು ಉಳಿಯಿತೆಂಬದು ಬರಿಯ ಶಬ್ದಸಾಮ್ಯ, ವಸ್ತುಸಾಮ್ಯವಲ್ಲ ಎಂದು ಪೂರ್ವಪಕ್ಷಿಯು ಹೇಳುವನು.

ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಬೆಲೆಯಿಲ್ಲದ ವಸತಿಯ ಪರಂಪರೆಯು ನಮ್ಮ ನಾಡಿನಲ್ಲಿಯೇ ಇತ್ತು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಕಂಬವೊಂದು ದೊರೆತಿದೆ. ಶಕ ೮೬೭ರ, ಎಂದರೆ ಕ್ರಿಸ್ತಶಕ ೯೪೫ರ ಅದರ ಶಾಸನವು ಆ ರಾಜನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಯನ್ನು ಹೇಳುವದು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲಸಿದ್ದರು. ಅವರ ಯೋಗಕ್ಷೇಮಕ್ಕೆಂದು ೫೦೦ ನಿವರ್ತನ ಭೂಮಿ, ೨೭ ಮನೆಗಳು. ದೀಪದೆಣ್ಣೆಗೆಂದು ೧೨ ನಿವರ್ತನ. ಊರಿನಲ್ಲಿ ಮದುವೆ, ಉಪನಯನ, ಚೌಲಗಳಾದಾಗ ಇಂತಿಷ್ಟು ನಾಣ್ಯಗಳು ಆ ಶಾಲೆಗೆ ಸಲ್ಲಬೇಕೆಂಬ ಕಟ್ಟಳೆಯೂ ಉಂಟು. ಇಲ್ಲಿ ಪ್ರಯಾಣಿಕನು ಏನನ್ನೂ ತೆರಲಿಲ್ಲ. ಅವನ ಪರವಾಗಿ ಇಡೀ ಊರು ತೆತ್ತಿತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನು ಕಲ್ಯಾಣದಲ್ಲಿ ತನ್ನ ಮನೆಯನ್ನೇ ಮಹಾಮನೆಯನ್ನಾಗಿ ಮಾಡಿದ್ದೂ, ದಾಸೋಹವು ಮಠಗಳ ನಿತ್ಯಧರ್ಮವಾದದ್ದೂ ಇದೇ ಪರಂಪರೆಯ ಮುಂದುವರಿಕೆ.

ಹಾಗಾದರೆ ಲಲಿತಮಹಲು ಅಂದು ಸಾಲೋಟಗಿಯ ಶಾಲೆಯಂತೆ ಇತ್ತೆ? ಇರಲಿಲ್ಲ. ೨೭ ಮನೆಗಳಲ್ಲಿ ದೂರದೇಶದ ಬಡ ಬ್ರಹ್ಮಚಾರಿಗಳಿಗೆ ಸ್ಥಳವಿತ್ತು. ಮೈಸೂರಿನ ಗುಮ್ಮಟದ ಕೆಳಗೆ ಸಾಮ್ರಾಜ್ಯದ ಪ್ರತಿನಿಧಿಗೂ ಅವನ ಸಮಾನರಿಗೂ ಮಾತ್ರ ಸ್ಥಳವಿತ್ತು. ಅಲ್ಲಿ ಬೆಲೆಯಿರಲಿಲ್ಲವೆಂಬದು ನಿಜವಲ್ಲ. ಹಣದ ಬದಲು ಅಧಿಕಾರವೇ ಬೆಲೆಯಾಗಿತ್ತು. ದೇಶೀಯ ಸಂಸ್ಥಾನದ ಒಡೆಯನು ತನ್ನ ಮೇಲಣ ಪ್ರಭುತ್ವವನ್ನು ಮರ್ಯಾದೆಯಿಂದ ಎದುರುಗೊಳ್ಳುವ ರಾಜನೀತಿಯೂ ಆ ಆತಿಥ್ಯದಲ್ಲಿ ಬೆರೆತಿತ್ತು. ಛಾಂದೋಗ್ಯದ ಜಾನಶ್ರುತಿಯ ಕಥೆಯನ್ನು ವಾಚಕರು ಇಲ್ಲಿ ನೆನೆಯಬೇಕು. ಎಲ್ಲರೂ ತನ್ನ ಅನ್ನವನ್ನೇ ಉಣ್ಣಲೆಂದು ಅವನು ಎಲ್ಲ ಕಡೆಯಲ್ಲಿಯೂ ಆವಸಥಗಳನ್ನು, ಎಂದರೆ ಅತಿಥಿಗೃಹಗಳನ್ನು ಕಟ್ಟಿಸಿದನು. ರಾತ್ರಿ ಹಾರಿಹೋಗುತ್ತಿದ್ದ ಹಂಸಗಳು ಅವನಿಗಿಂತ ರೈಕ್ವನೆಂಬವನು ದೊಡ್ಡವನೆಂದು ಆಡಿಕೊಂಡವು. ಹುಡುಕಿಸಿದರೆ ಆ ರೈಕ್ವನು ಯಾವ ಆವಸಥದಲ್ಲಿಯೂ ಇರಲಿಲ್ಲ. ಒಂದು ಬಂಡಿಯ ಕೆಳಗೆ ಕುಳಿತು ಮೈಯನ್ನು ಕೆರೆದುಕೊಳ್ಳುತ್ತಿದ್ದನು. ಅತಿಥಿಗೃಹದ ಹಿರಿಮೆಯನ್ನು ಕಟ್ಟಿಸಿದವನ ವೈಭವದಿಂದ ಅಳೆಯಬಾರದು, ಯಾರಿಗೆ ಅಲ್ಲಿ ಎಡೆ ದೊರೆಯಲಿಲ್ಲ ಎಂಬದರಿಂದಲೂ ಅಳೆಯಬೇಕೆಂಬದು ಆ ಕಥೆಯ ಒಂದು ತಾತ್ಪರ್ಯ.

ಈ ಅಳತೆಗೋಲಿನಿಂದ ನೋಡಿದರೆ ೧೯೭೪ರ ಪರಿವರ್ತನೆಯು ಬಾಗಿಲನ್ನು ಕಿರಿದು ಮಾಡಲಿಲ್ಲ, ಸ್ವಲ್ಪ ಅಗಲಿಸಿತು. ಮೊದಲು ಪದವಿಯಿಂದ ಮಾತ್ರ ತೆರೆಯುತ್ತಿದ್ದ ಬಾಗಿಲು ಈಗ ಹಣದಿಂದ ತೆರೆಯುವದು. ಹಣವು ಎಲ್ಲರಲ್ಲಿಯೂ ಇಲ್ಲವೆಂಬದು ಸರಿಯೇ. ಆದರೆ ವೈಸರಾಯನ ಪದವಿಯು ಈ ದೇಶದಲ್ಲಿ ಹುಟ್ಟಿದ ಸಾಮಾನ್ಯನಿಗೆ ಕನಸಿನಲ್ಲಿಯೂ ದೊರೆಯುವಂತಿರಲಿಲ್ಲ. ದಾಸೋಹದ ಎತ್ತರಕ್ಕೆ ಹೋಟೆಲು ಏರಲಾರದು. ಆದರೆ ತಾನು ಹುಟ್ಟಿದ ಎತ್ತರದಿಂದ ಕೆಳಗೆ ಇಳಿಯಲಿಲ್ಲ. ಆದುದರಿಂದ ಬೆಲೆಯೊಂದರಿಂದಲೇ ಅನೌಚಿತ್ಯವು ಬಂದಿತೆಂಬ ಪೂರ್ವಪಕ್ಷವು ನಿಲ್ಲುವದಿಲ್ಲ.

೫

ಹಾಗೆಂದು ದೋಷವೇ ಇಲ್ಲವೆಂದು ಹೇಳಲಾಗದು. ದೋಷವಿದೆ, ಪೂರ್ವಪಕ್ಷಿಯು ಹುಡುಕಿದ ಸ್ಥಳದಲ್ಲಿ ಅಲ್ಲ. ಅದು ಹೆಸರಿನಲ್ಲಿದೆ.

ಈ ಕಟ್ಟಡವನ್ನು ಹೋಟೆಲು ಮಾಡಿದವರು ಇದನ್ನು ಅರಮನೆಯ ಹೋಟೆಲೆಂದು ಕರೆದರು. ಪ್ರವಾಸಿಗಳನ್ನು ಕರೆಯುವ ಬರಹಗಳು ಇಂಥ ಎಲ್ಲ ಮಹಲುಗಳನ್ನು ಕುರಿತು ಒಂದೇ ಆಸೆಯನ್ನು ತೋರಿಸುತ್ತವೆ: ಬನ್ನಿರಿ, ಒಂದು ರಾತ್ರಿ ರಾಜರಾಗಿ ಬಾಳಿರಿ. ಹಣ ತೆತ್ತವನು ಅದನ್ನು ನಂಬುವನು. ಮೆಟ್ಟಿಲನ್ನು ಏರುವಾಗ ತಾನು ಯಜಮಾನನೆಂದು ತಿಳಿಯುವನು. ಆಳುಗಳ ನಮಸ್ಕಾರವನ್ನು ತನ್ನ ಪ್ರಜೆಗಳ ನಮಸ್ಕಾರವೆಂಬಂತೆ ಸ್ವೀಕರಿಸುವನು. ಆದರೆ ಈ ಮನೆಯಲ್ಲಿ ಯಜಮಾನನ ಪಾತ್ರವನ್ನು ಒಳಗೆ ಉಳಿದವರಿಗೆ ಎಂದೂ ಕೊಟ್ಟಿರಲಿಲ್ಲ. ಇಲ್ಲಿ ಉಳಿದ ವೈಸರಾಯನೂ ಎಷ್ಟೇ ಪ್ರಬಲನಾಗಿದ್ದರೂ ಮತ್ತೊಬ್ಬರ ಮನೆಯಲ್ಲಿ ಇಳಿದುಕೊಂಡ ಅತಿಥಿಯೇ. ಗುಮ್ಮಟವನ್ನು ಬಾಗಿಲ ಮೇಲೆ ಇಟ್ಟದ್ದೂ, ಉದಾತ್ತದಿಂದ ಲಲಿತಕ್ಕೆ ನಡೆಸುವ ಕ್ರಮವೂ ಬರುವವನ ದೃಷ್ಟಿಯಿಂದ ರಚಿತವಾದವೇ ಹೊರತು ಆಳುವವನ ದೃಷ್ಟಿಯಿಂದ ಅಲ್ಲ. ಅರಮನೆಯಾದರೆ ಅದರ ಕೇಂದ್ರವು ಸಿಂಹಾಸನ. ಇಲ್ಲಿ ಸಿಂಹಾಸನಕ್ಕೆ ಸ್ಥಳವೇ ಇಲ್ಲ. ಪ್ರವೇಶಶಾಲೆಯ ನಡುವೆ ನಿಂತು ಮೇಲಕ್ಕೆ ನೋಡಿದವನಿಗೆ ಇದು ತಾನಾಗಿ ತಿಳಿಯಬೇಕು. ಆದರೆ ಹೆಸರು ಮೊದಲೇ ತಪ್ಪರ್ಥವನ್ನು ಹೇಳಿಬಿಟ್ಟಿರುವದರಿಂದ ಕಣ್ಣು ಅದನ್ನು ಓದುವದಿಲ್ಲ.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವದಾದರೆ, ಇಲ್ಲಿ ಶಬ್ದವೂ ಉಳಿದಿದೆ, ಪ್ರಕರಣವೂ ಉಳಿದಿದೆ. ಸಹೃದಯನಿಗೆ ಮಾತ್ರ ತಪ್ಪು ವ್ಯಾಖ್ಯಾನವನ್ನು ಕೊಟ್ಟಿದೆ. ಮೂಲವು ಕೆಡದೆ ಟೀಕೆಯು ಕೆಟ್ಟಂತೆ. ಟೀಕೆಯನ್ನು ತಿದ್ದಬಹುದೆಂಬದೇ ಇದರಲ್ಲಿರುವ ಸಮಾಧಾನ. ಗೋಡೆಯನ್ನು ಒಡೆಯಬೇಕಾಗಿಲ್ಲ, ಕೋಣೆಗಳನ್ನು ಬರಿದು ಮಾಡಬೇಕಾಗಿಲ್ಲ. ಇಂಥ ಮನೆಯ ಹೊಸ್ತಿಲಲ್ಲಿ ಶುದ್ಧವಾದ ಕನ್ನಡದಲ್ಲಿ ನಾಲ್ಕು ಸಾಲು ಕೆತ್ತಿದರೆ ಸಾಕು: ಇದನ್ನು ಯಾವಾಗ ಕಟ್ಟಿದರು, ಯಾರು ಕಟ್ಟಿಸಿದರು, ಯಾರು ಕಟ್ಟಿದರು, ಯಾರು ಬರಲೆಂದು ಕಟ್ಟಿದರು. ಸಾವಿರ ವರ್ಷಗಳ ಹಿಂದೆ ಸಾಲೋಟಗಿಯವರು ಕಂಬದ ಮೇಲೆ ಮಾಡಿದ್ದು ಇದನ್ನೇ. ಆ ಶಾಲೆಯ ಜೀವನವನ್ನು ನಾವು ಇಂದು ಅರಿಯುವದು ಗೋಡೆಗಳಿಂದ ಅಲ್ಲ, ಆ ಅಕ್ಷರಗಳಿಂದ.

೬

ಇಷ್ಟು ವಿಚಾರದಿಂದ ದೊರೆತ ನಿರ್ಣಯವನ್ನು ನಮ್ಮ ನಾಲ್ಕು ತಾಲೂಕುಗಳ ವಾಡೆಗಳಿಗೆ ಅನ್ವಯಿಸಿ ಲೇಖನವನ್ನು ಮುಗಿಸುವೆನು.

ಈ ಬಯಲುಸೀಮೆಯ ವಾಡೆಯು ಲಲಿತಮಹಲಿನಂತೆ ಒಂದೇ ಪ್ರಯೋಜನಕ್ಕಾಗಿ ಹುಟ್ಟಿದ್ದಲ್ಲ. ಅದು ಕೋಟೆ, ಕಚೇರಿ, ಕಣಜ, ದೇವರಮನೆ, ಸಂಸಾರ ಎಲ್ಲವನ್ನೂ ಒಳಗೊಂಡದ್ದು. ಎತ್ತರವಾದ ಗೋಡೆ, ಮೂಲೆಯ ಹುಡೇವು, ಆನೆ ಹೋಗುವಂಥ ಅಗಸಿ ಇವು ಅಂಜಿಸಲಿಕ್ಕೆ. ಅಗಸಿಯನ್ನು ದಾಟಿದರೆ ಅಂಗಳ. ಅಲ್ಲಿಂದ ನಾಲ್ಕು ಮೆಟ್ಟಿಲು ಏರಿದರೆ ಕಂಬಗಳ ಪಡಸಾಲೆ. ಬಂದವನ ಕಾಲಿಗೆ ನೀರು ಕೊಡುವದೂ, ಕಂಬಳಿ ಹಾಸಿ ಕೂಡ್ರಿಸುವದೂ, ನ್ಯಾಯ ಹೇಳುವದೂ ಇಲ್ಲಿಯೇ. ಅದರಿಂದ ಒಳಕ್ಕೆ ನಡುಮನೆ, ಅಡಿಗೆಯ ಮನೆ, ದೇವರ ಜಗಲಿ. ನೆಲದ ಕೆಳಗೆ ಜೋಳದ ಹಗೇವು. ಮೇಲೆ ಬಿಸಿಲನ್ನು ತಡೆಯುವ ಮಣ್ಣಿನ ಮೇಲ್ಮುದ್ದೆ, ಅದರ ನಡುವೆ ಬೆಳಕಿಂಡಿ. ಎಲ್ಲಿಯವರೆಗೆ ಯಾರು ಬರಬಹುದೆಂಬ ಕ್ರಮವು ಈ ವಿನ್ಯಾಸದಲ್ಲಿ ಲಲಿತಮಹಲಿಗಿಂತಲೂ ಖಚಿತವಾಗಿದೆ.

ಆದುದರಿಂದ ವಾಡೆಯನ್ನು ಹೋಟೆಲಿಗೆ ತಿರುಗಿಸುವ ಮಾತು ಬಂದಾಗ ಆಗಲಿ ಎಂದೋ ಬೇಡ ಎಂದೋ ಒಂದೇ ಮಾತಿನಲ್ಲಿ ಉತ್ತರಿಸಬಾರದು. ಪಡಸಾಲೆ, ಅಂಗಳ ಮತ್ತು ಅವುಗಳ ಬದಿಯ ಕೋಣೆಗಳು ಬಂದವನಿಗಾಗಿಯೇ ಹುಟ್ಟಿದವು. ಅಲ್ಲಿ ಪ್ರವಾಸಿಯು ತಂಗಿದರೆ ಅನೌಚಿತ್ಯವಿಲ್ಲ, ಅರ್ಥದ ಪುನರುಜ್ಜೀವನವೇ ಆಗುವದು. ದೇವರ ಜಗಲಿಯನ್ನು ಊಟದ ಮೇಜಿಗೆ ಅಲಂಕಾರವನ್ನಾಗಿ ಮಾಡುವದು, ಹಗೇವನ್ನು ವಿನೋದದ ನೆಲಮನೆಯನ್ನಾಗಿ ಮಾಡುವದು ಇವು ವಿಜಾಪುರದ ಮಸೀದಿಗೂ ಸರಾಯಿಗೂ ಆದ ಅನ್ಯಾಯದ ಜಾತಿಯವು. ಮೇಲ್ಮುದ್ದೆಯನ್ನು ಕಿತ್ತು ಸಿಮೆಂಟಿನ ಚಾವಣಿಯನ್ನು ಹಾಕಿದರೆ ಮನೆಯ ತಂಪು ಹೋಗುವದು. ಹೋದ ತಂಪನ್ನು ಯಂತ್ರದಿಂದ ಕೊಂಡು ತರಬೇಕಾಗುವದು. ಎಲ್ಲಕ್ಕಿಂತ ಹೆಚ್ಚಾಗಿ, ಬಂದವನಿಗೆ ದೇಸಾಯಿಯ ರುಮಾಲನ್ನು ಸುತ್ತಿ ಒಂದು ದಿನದ ದೇಸಾಯಿಯನ್ನಾಗಿ ಮಾಡುವ ವೇಷವನ್ನು ಬಿಡಬೇಕು. ಆ ಮನೆಯಲ್ಲಿ ಅವನಿಗೆ ದೊರೆಯಬಹುದಾದ ನಿಜವಾದ ಗೌರವವು ಪಡಸಾಲೆಯಲ್ಲಿ ಕಾಲು ತೊಳೆದು ಕುಳಿತ ಅತಿಥಿಯ ಗೌರವ. ಅದು ದೇಸಾಯಿಯ ಗೌರವಕ್ಕಿಂತ ಕಡಿಮೆಯದಲ್ಲ.

ಈ ವಿವೇಚನೆಯನ್ನು ಮಾಡಬೇಕಾದರೆ ಯಾವ ವಾಡೆಯ ಯಾವ ಭಾಗವು ಯಾವ ಕಾರ್ಯಕ್ಕಾಗಿ ಇತ್ತೆಂಬದು ಮೊದಲು ಗೊತ್ತಿರಬೇಕು. ಅದನ್ನು ಬಲ್ಲ ಮುದುಕರು ಇನ್ನೂ ಇದ್ದಾರೆ. ಬಹಳ ದಿನ ಇರುವದಿಲ್ಲ. ಮಣ್ಣಿನ ಗೋಡೆಯು ಬಿದ್ದರೆ ಗುರುತಾದರೂ ಉಳಿಯುವದು; ಗೋಡೆಯ ಹೆಸರು ಬಿದ್ದರೆ ಏನೂ ಉಳಿಯುವದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಶಾಲೆ ಕಾಲೇಜುಗಳಲ್ಲಿ ಭಾಷೆಯನ್ನು ಕಲಿಸುವ ಮಿತ್ರರು ತಮ್ಮ ಊರಿನ ಒಂದೊಂದು ವಾಡೆಯನ್ನಾದರೂ ವಿದ್ಯಾರ್ಥಿಗಳೊಡನೆ ಅಳೆದು, ಅದರ ಒಂದೊಂದು ಅಂಗಕ್ಕೆ ಮನೆಯವರು ಬಳಸುವ ಶಬ್ದವನ್ನೂ ಅಲ್ಲಿ ನಡೆಯುತ್ತಿದ್ದ ಕಾರ್ಯವನ್ನೂ ಬರೆದಿಟ್ಟರೆ, ಕೋಶಕಾರನಿಗೂ ವಾಸ್ತುವಿಮರ್ಶಕನಿಗೂ ಸಮಾನವಾದ ಉಪಕಾರವಾಗುವದು. ಮುಂದೆ ಆ ಮನೆಯು ಹೋಟೆಲಾಗಲಿ, ಗ್ರಂಥಾಲಯವಾಗಲಿ, ಅದನ್ನು ತಿರುಗಿಸುವವರ ಕೈಗೆ ಮೊದಲು ಆ ಬರಹವನ್ನು ಕೊಡಬಹುದು.